ಅಟ್ಟದಲ್ಲಿ ಸಿಕ್ಕ ಹಳೇ ಎಲೆಕ್ಟ್ರಿಕ್ ಗಿಟಾರ್, ಐದು ತೂತಿನ ಸಾಕೆಟ್ ಇದೆ. ಇದು ಯಾವುದು? ಬಿಚ್ಚಬಹುದಾ?

ವಿನೋಬನಗರ ಹುಡುಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮನೆಗೆ ಸುಣ್ಣಬಣ್ಣ ಮಾಡಿಸೋಣ ಅಂತ ಅಟ್ಟ ಖಾಲಿ ಮಾಡುತ್ತಿದ್ದೆವು. ಹಳೇ ಹತ್ತಿ ಗಾದಿ ಒಂದನ್ನು ಸುರುಳಿ ಸುತ್ತಿ ಇಟ್ಟಿದ್ದರು. ಅದರೊಳಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ನಮ್ಮ ಸೋದರಮಾವನದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. 80ರ ದಶಕದಲ್ಲಿ ಗಣಪತಿ ಪೆಂಡಾಲ್‌ಗಳಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸುತ್ತಿದ್ದರಂತೆ. ನಾನು ಆಗ ಹುಟ್ಟಿರಲಿಲ್ಲ.

ಗಿಟಾರ್ ಹೇಗಿದೆ ಅಂದರೆ: ಕಡುಗೆಂಪು ಬಣ್ಣ, ಅಂಚಿಗೆ ಕಪ್ಪು. ಮೂರು ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಕಾಯಿಲ್). ಕೈಗೆ ಸಿಗುವಲ್ಲಿ ಸಾಲಾಗಿ ಸ್ವಿಚ್‌ಗಳು. ಬೀದಿ ಕೊನೆಯ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ, 4 ಕೆಜಿ 600 ಗ್ರಾಂ. ವೈರ್ ಚುಚ್ಚುವ ಜಾಗದಲ್ಲಿ ಮಾಮೂಲಿ ಜಾಕ್ ಇಲ್ಲ. ದುಂಡಗಿನ ಸಾಕೆಟ್, ಅರ್ಧಚಂದ್ರಾಕಾರದಲ್ಲಿ ಐದು ತೂತು. ತಲೆ ಮೇಲೆ ಅಕ್ಷರ ಅರ್ಧ ಅಳಿಸಿದೆ. ಮೊದಲು ವೈ ತರ, ಆಮೇಲೆ ಪಿ, ಆಮೇಲೆ ಎ, ಕೊನೆಗೆ ವಿ ಅಕ್ಷರ ತಲೆಕೆಳಗಾದ ಹಾಗೆ.

ಪರಿಚಯದ ರಿಪೇರಿಯವರೊಬ್ಬರು ನೋಡಿ, "ಸಾಕೆಟ್ ಕಿತ್ತು ದೊಡ್ಡ ತೂತು ಕೊರೆದು ಹೊಸ ಜಾಕ್ ಹಾಕ್ತೀನಿ, ಪೇಂಟ್ ಹೊಡೆದು ಕೊಡ್ತೀನಿ, ಮೂರು ದಿನ" ಅಂದರು. ಅಮ್ಮ ಪೇಂಟ್ ಬೇಡವೇ ಬೇಡ ಅಂತಿದ್ದಾರೆ. ನನಗೆ ಅದು ನುಡಿಯುವುದನ್ನು ಒಂದು ಸಲ ಕೇಳಬೇಕು. ಏನು ಮಾಡಲಿ?

ಮಂಡಿಪೇಟೆ ಬೀಟ್ಸ್
ವೈ ಇದೆ ಅಂದಮೇಲೆ ಯಮಹಾ. ಇನ್ನೇನು?

ಆರು ತಂತಿ
ಯಮಹಾ ಅಲ್ಲ ಗುರು. ಪಿಕಪ್‌ಗೊಂದು ಸ್ವಿಚ್ ಇದ್ದರೆ 60ರ ದಶಕದ ಜಪಾನ್ ಮಾಲು ಅನ್ನಿಸುತ್ತೆ. ಟೈಸ್ಕೋ ಅಂತ ಒಂದು ಕಂಪನಿ ಇತ್ತು, 1967ರಲ್ಲಿ ಕವಾಯ್‌ನವರು ಕೊಂಡರು. ಅವರ ಗಿಟಾರ್‌ಗಳಲ್ಲಿ ಸ್ವಿಚ್‌ಗಳ ಸಾಲು ಇರುತ್ತಿತ್ತು. ಕುತ್ತಿಗೆ ಕೂಡುವ ಕಡೆ ಹಿಂದೆ ಒಂದು ಲೋಹದ ತಟ್ಟೆ ಇರುತ್ತೆ ನೋಡಿ. ಅದರ ಮೇಲೆ "ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್" ಅಂತ ಇದ್ದರೆ ಜಪಾನ್‌ದೇ.

ವಿನೋಬನಗರ ಹುಡುಗ
ತಟ್ಟೆ ಇದೆ. ಇಂಗ್ಲಿಷ್ ಒಂದಕ್ಷರವೂ ಇಲ್ಲ.

ಕೋಟೆ ಗಾಳಿ
ಚಿತ್ರದುರ್ಗದಿಂದ ನಾನು. ಆ ಐದು ತೂತಿನ ಸಾಕೆಟ್ ನಮ್ಮ ತಾತನ ಸ್ಪೂಲ್ ಟೇಪ್ ರೆಕಾರ್ಡರ್‌ನಲ್ಲೂ ಇತ್ತು. ಡಿನ್ ಸಾಕೆಟ್ ಅಂತಾರೆ. ಗಿಟಾರ್‌ಗೆ ಅದನ್ನು ಯಾರು ಹಾಕ್ತಾರೆ ಅನ್ನೋದು ಹುಡುಕಿದರೆ ಉತ್ತರ ಸಿಗುತ್ತೆ.

ಮತ್ತೆ ಒಂದು ಮಾತು. ದಯವಿಟ್ಟು ಅದಕ್ಕೆ ಡ್ರಿಲ್ ಇಡಬೇಡಿ. ಒಂದು ಸಲ ಕೊರೆದರೆ ಹೋಯಿತು.

ವೋಲ್ಗಾ ನೆನಪು
ನಿಮ್ಮ ಅಕ್ಷರದ ವರ್ಣನೆ ಓದಿ ಕುರ್ಚಿಯಿಂದ ಎದ್ದೇ ಬಿಟ್ಟೆ. ಅದು ವೈ-ಪಿ-ಎ ಅಲ್ಲ. ರಷ್ಯನ್ ಲಿಪಿ. ವೈ ತರ ಕಾಣೋದು "ಉ". ಪಿ ತರ ಕಾಣೋದು "ರ". ತಲೆಕೆಳಗಿನ ವಿ "ಲ". ಸೇರಿಸಿ ಓದಿ: ಉರಾಲ್!

ನಾನು 1983ರಿಂದ ಆರು ವರ್ಷ ರಷ್ಯಾದಲ್ಲೇ ವೈದ್ಯಕೀಯ ಓದಿದವನು. ಉರಾಲ್ ಗಿಟಾರ್ ತಯಾರಾಗುತ್ತಿದ್ದದ್ದು ಸ್ವೆರ್ಡ್‌ಲೋವ್ಸ್ಕ್ ಊರಲ್ಲಿ. ಈಗ ಅದು ಯೆಕಟೆರಿನ್‌ಬರ್ಗ್. ನಮ್ಮ ಹಾಸ್ಟೆಲ್‌ನಲ್ಲಿ ಒಂದು ಇತ್ತು. ಆ ತೂಕ ನನ್ನ ಎಡ ಭುಜಕ್ಕೆ ಇವತ್ತಿಗೂ ನೆನಪಿದೆ. ಲೆನಿನ್‌ಗ್ರಾಡ್‌ನಲ್ಲಿ ಟೋನಿಕಾ, ಬೆಲಾರುಸ್‌ನ ಬೊರಿಸೊವ್‌ನಲ್ಲಿ ಫಾರ್ಮಾಂಟಾ, ರಾಸ್ತೋವ್‌ನಲ್ಲಿ ಏಲಿಟಾ ಅಂತ ಮಾಡುತ್ತಿದ್ದರು. ಆ ಕಾಲದ ಹೆಚ್ಚಿನ ಸೋವಿಯತ್ ಗಿಟಾರ್‌ಗಳಿಗೆ ಈ ಐದು ಪಿನ್ ಸಾಕೆಟ್ಟೇ. ಅಲ್ಲಿನ ಟೇಪ್ ರೆಕಾರ್ಡರ್, ರೇಡಿಯೋಗೂ ಅದೇ. ಒಂದೇ ವೈರ್‌ನಲ್ಲಿ ಮನೆಯ ರೇಡಿಯೋಗೆ ಚುಚ್ಚಿ ನುಡಿಸುತ್ತಿದ್ದೆವು.

ಗಿಟಾರ್ ಸಿಗದವರು ಬೀದಿಯ ಟೆಲಿಫೋನ್ ರಿಸೀವರ್ ಬಿಚ್ಚಿ, ಒಳಗಿನ ಅಯಸ್ಕಾಂತ ಮತ್ತು ಕಾಯಿಲ್ ತೆಗೆದು ಪಿಕಪ್ ಮಾಡಿಕೊಳ್ಳುತ್ತಿದ್ದರು ಅಂತ ನಮ್ಮ ಹಾಸ್ಟೆಲ್‌ನಲ್ಲಿ ಕಥೆ ಹೇಳುತ್ತಿದ್ದರು.

ನಿಮ್ಮ ಮಾವನಿಗೆ ಅದು ಹೇಗೆ ಸಿಕ್ಕಿತು?

ವಿನೋಬನಗರ ಹುಡುಗ
ಈಗಷ್ಟೇ ಅಮ್ಮನನ್ನು ಕೇಳಿದೆ. ರಷ್ಯಾದಲ್ಲಿ ಓದಿ ವಾಪಸ್ ಬಂದ ಹುಡುಗನೊಬ್ಬನಿಂದ ಕೊಂಡರಂತೆ! ದುಡ್ಡು ಸಾಲದೆ ಸೈಕಲ್ ಮಾರಿದ್ದರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ಮಂಡಿಪೇಟೆ ಬೀಟ್ಸ್
ಸರಿ, ನಾನು ಯಮಹಾ ಅಂದಿದ್ದು ತಪ್ಪು. ಆದರೆ ಒಂದು ಹೇಳ್ತೀನಿ, ಬೇಜಾರಾಗಬೇಡಿ. ರಷ್ಯಾ ಗಿಟಾರ್ ನುಡಿಸೋಕೆ ಕಷ್ಟ. ನೆಕ್ ದಪ್ಪ, ತಂತಿ ಎತ್ತರ. ಗೋಡೆಗೆ ನೇತು ಹಾಕಿ. ನುಡಿಸೋಕೆ ಹೊಸದು ತಗೊಳ್ಳಿ.

ಕೋಟೆ ಗಾಳಿ
ಗೋಡೆಗೆ ಹಾಕೋಕೆ ಕ್ಯಾಲೆಂಡರ್ ಇದೆಯಲ್ಲ. ಗಿಟಾರ್‌ನ ಮಾಲೀಕರು ಪೆಂಡಾಲ್‌ಗಳಲ್ಲಿ ನುಡಿಸುತ್ತಿದ್ದರು ಅಂತ ಮೇಲೆಯೇ ಇದೆ. ಅವರಿಗೆ ಆಗಿದ್ದು ಈಗ ಯಾಕೆ ಆಗಲ್ಲ?

ಆರ್ಕೆಸ್ಟ್ರಾ ಹಳಬ
ಆಗಿನ ಪರಿಸ್ಥಿತಿ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಾನು 1979ರಿಂದ ಹನ್ನೆರಡು ವರ್ಷ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹೊಳಲ್ಕೆರೆ ಎಲ್ಲಾ ಕಡೆ ನುಡಿಸಿದ್ದೇನೆ. ಹೊರದೇಶದ ಗಿಟಾರ್ ಅಂದರೆ ಕನಸು. ನಮಗೆ ಸಿಗುತ್ತಿದ್ದದ್ದು ಕಲ್ಕತ್ತಾದ ಗಿವ್ಸನ್. ಅದೂ ಬೆಂಗಳೂರಿಗೆ ಹೋಗಿ ತರಬೇಕಿತ್ತು. ತಂತಿ ಕಿತ್ತರೆ ಗಂಟು ಹಾಕಿ ಮತ್ತೆ ಬಿಗಿಯುತ್ತಿದ್ದೆವು. ಆಂಪ್ಲಿಫೈಯರ್ ಅಂದರೆ ಮೈಕ್ ಸೆಟ್‌ನವನ ಪೆಟ್ಟಿಗೆ, ಸ್ಪೀಕರ್ ಅಂದರೆ ಕಂಬಕ್ಕೆ ಕಟ್ಟಿದ ಹಾರ್ನ್. ಆ ಹಾರ್ನ್‌ನಲ್ಲಿ ಗಿಟಾರ್ ಕೇಳಿದರೆ ತಗಡು ಬಡಿದ ಹಾಗೆ. ಆದರೂ ಜನ ಮಧ್ಯರಾತ್ರಿವರೆಗೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿರುತ್ತಿದ್ದರು.

ಕೆಂಪು ಗಿಟಾರ್ ಒಂದು ಆಗ ನಮ್ಮೂರಲ್ಲಿ ಓಡಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ಇರಬಹುದು.

ವೀಣೆಯವಳು
ನಡುವೆ ಒಂದು ಮಾತು. ವಿಚಿತ್ರ ಎಲೆಕ್ಟ್ರಿಕ್ ವಾದ್ಯ ಅಂದರೆ ಹೊರದೇಶದ್ದೇ ಯಾಕೆ? ನಮ್ಮ ಭಜನೆ ಮನೆಯಲ್ಲಿ ಬುಲ್‌ಬುಲ್ ತರಂಗ ಇದೆ. ಎಲ್ಲರೂ ಬ್ಯಾಂಜೋ ಅಂತ ಕರೆಯುತ್ತಾರೆ. ಟೈಪ್‌ರೈಟರ್ ತರ ಗುಂಡಿ ಒತ್ತೋದು. ಅದರ ಮೂಲ ಜಪಾನ್, 1912ರಲ್ಲಿ ನಗೋಯಾದಲ್ಲಿ ಹುಟ್ಟಿದ ತೈಶೋಗೋಟೋ. ನಮ್ಮವರು ಅದಕ್ಕೂ ಪಿಕಪ್ ಕೂರಿಸಿದ್ದಾರೆ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರು ಎಂಟು ತಂತಿಯ ಮ್ಯಾಂಡೊಲಿನ್ ಬಿಟ್ಟು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲೇ ಗಮಕ ನುಡಿಸಿದರಲ್ವಾ. ಅಂಥವನ್ನೂ ಯಾರಾದರೂ ಕೂಡಿಡಬೇಕು.

ಆರು ತಂತಿ
ನಿಜ. ಆ ಬುಲ್‌ಬುಲ್ ತರಂಗದ್ದು ಬೇರೆ ಚರ್ಚೆ ಶುರು ಮಾಡಿ ಅಕ್ಕ, ನನ್ನ ಹತ್ತಿರವೂ ಒಂದಿದೆ.

ಈಗ ಗಿಟಾರ್ ವಿಷಯ. ಹಳೇ ಮಾಲು ಹುಡುಕುವವರಿಗೆ ಒಂದು ಕಿವಿಮಾತು. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರಿಂದ "60ರ ದಶಕದ ಅಮೆರಿಕದ ಗಿಟಾರ್" ಅಂತ ಕೊಂಡೆ. ಬಿಚ್ಚಿ ನೋಡಿದರೆ ಒಳಗೆ ಎಲ್ಲಾ ಹೊಸ ಪಾರ್ಟು. ದುಡ್ಡು ಹೋಯಿತು. ಆಮೇಲೆ ಕಲಿತೆ. ಅಮೆರಿಕದ ಹಳೇ ಗಿಟಾರ್ ಆದರೆ ವಾಲ್ಯೂಮ್ ಪಾಟ್‌ನ (ತಿರುಗಿಸುವ ಗುಂಡಿಯ ಕೆಳಗಿನ ಪಾರ್ಟು) ಬೆನ್ನು ನೋಡಬೇಕು. ಅಲ್ಲಿ ಅಂಕಿ ಇರುತ್ತೆ. ಉದಾಹರಣೆಗೆ 1376614. ಮೊದಲ 137 ಅಂದರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ. 66 ಅಂದರೆ 1966. 14 ಅಂದರೆ ಆ ವರ್ಷದ ಹದಿನಾಲ್ಕನೇ ವಾರ. ಗಿಟಾರ್ ಅದಕ್ಕಿಂತ ಹಳೆಯದು ಅಂತ ಯಾರಾದರೂ ಹೇಳಿದರೆ, ಒಂದೋ ಪಾಟ್ ಬದಲಾಗಿದೆ, ಇಲ್ಲ ಮಾತು ಸುಳ್ಳು. ಕೊಳ್ಳುವ ಮುಂಚೆ ಒಳಗಿನ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಕಾಯಿಲ್ ಚಳ್ಳಕೆರೆ
ವಿನೋಬನಗರ ಅವರೇ, ಕೊರೆಯೋದು ಬೇಡ, ಬಣ್ಣ ಬೇಡ. ಬರೀ ಒಂದು ವೈರ್ ಸಾಕು. ಐದು ಪಿನ್‌ನ ಗಂಡು ಪ್ಲಗ್ ತಗೊಳ್ಳಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತೆ. ಇನ್ನೊಂದು ತುದಿಗೆ ಮಾಮೂಲಿ 6.35 ಎಂಎಂ ಜಾಕ್. ಮಧ್ಯೆ ಶೀಲ್ಡ್ ವೈರ್.

ಯಾವ ಪಿನ್ ಯಾವುದು ಅಂತ ಹೀಗೆ ನೋಡಿ. ಮಲ್ಟಿಮೀಟರ್ ಬೀಪ್‌ಗೆ ಇಡಿ. ಒಂದು ಕಡ್ಡಿ ಬ್ರಿಡ್ಜ್ (ಒಡಲ ಮೇಲೆ ತಂತಿ ಕೂರುವ ಭಾಗ) ಲೋಹಕ್ಕೆ, ಇನ್ನೊಂದು ಪಿನ್‌ಗೆ. ಬೀಪ್ ಬಂದದ್ದು ಅರ್ಥ್. ಡಿನ್ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ನಡುವಿನದ್ದು. ಆಮೇಲೆ ವಾಲ್ಯೂಮ್ ಪೂರ್ತಿ ಏರಿಸಿ, ಓಮ್‌ಗೆ ಇಟ್ಟು ಉಳಿದ ಪಿನ್ ನೋಡಿ. ಕೆಲವು ಕಿಲೋ ಓಮ್ ತೋರಿಸಿದ್ದು ಸಿಗ್ನಲ್.

ಹಾಗೇ ಒಡಲಿನ ಮುಂದಿನ ತಟ್ಟೆ ಬಿಚ್ಚಿ ಮೂರೂ ಪಿಕಪ್ ಬೇರೆ ಬೇರೆ ಅಳೆಯಿರಿ. ಸ್ಕ್ರೂ ತಿರುಗಿಸುವಾಗ ಜೋರು ಬೇಡ. ಹಳೇ ಸ್ಕ್ರೂ ತಲೆ ಸವೆದರೆ ಮತ್ತೆ ಕಷ್ಟ.

ಮರಗೆಲಸ ಹೊಸದುರ್ಗ
ತಟ್ಟೆ ಬಿಚ್ಚುವ ಮುಂಚೆ ತಂತಿ ಸಡಿಲ ಮಾಡಿ. ಮತ್ತೆ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ತುದಿಗಳ ಮೇಲೆ ಬೆರಳು ಎಳೆದು ನೋಡಿ. ಚುಚ್ಚುತ್ತಾ? ನಮ್ಮ ಕಡೆ ಮಾರ್ಚ್-ಏಪ್ರಿಲ್ ಒಣ ಹವೆಗೆ ಮರ ಕುಗ್ಗುತ್ತೆ, ಲೋಹ ಕುಗ್ಗಲ್ಲ. ಅದಕ್ಕೇ ತುದಿ ಹೊರಗೆ ಬರೋದು. ಸಣ್ಣ ಅರ ಸಾಕು.

ನಾನು ಗಿಟಾರ್ ಕೂಡಿಡುವವನಲ್ಲ, ಮಾಡುವವನು. ಮೂರು ಮಾಡಿದ್ದೇನೆ. ಮೊದಲನೆಯದು ಕೆಡವಿದ ಹಳೇ ಮನೆಯ ತೇಗದ ಬಾಗಿಲಿನಿಂದ. 45 ಎಂಎಂ ದಪ್ಪ ಇಟ್ಟೆ. ಒಡಲೊಂದೇ 3 ಕೆಜಿ ಬಂತು! ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಿಡಿಯಲ್ಲ. ಎರಡು ಸಲ ಬಿಟ್ಟುಕೊಂಡಿತು. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಬೇಕು ಅಂತ ಆಮೇಲೆ ಗೊತ್ತಾಯಿತು. ಎರಡನೆಯದಕ್ಕೆ ಶಿವನೆ ಮರ ಬಳಸಿದೆ. ಹಗುರ, ತಿರುಚಲ್ಲ, ಉಳಿಗೆ ಬೆಣ್ಣೆ ತರ.

ಕೋಟೆ ಗಾಳಿ
ಬಾಗಿಲಿನ ಮರದ್ದು ಫೋಟೋ ಹಾಕಿ! ಬ್ರಿಟನ್ನಿನ ಕ್ವೀನ್ ರಾಕ್ ತಂಡದ ಬ್ರಿಯನ್ ಮೇ ತನ್ನ ಅಪ್ಪನ ಜೊತೆ 1963ರಲ್ಲಿ ಗಿಟಾರ್ ಮಾಡಲು ಕೂತಾಗ ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮಹಾಗನಿ ಬಳಸಿದ್ದು. ಟ್ರೆಮೊಲೊಗೆ (ಸ್ವರ ಅಲುಗಿಸುವ ಕಡ್ಡಿ) ಹಳೇ ಮೋಟರ್‌ಸೈಕಲ್‌ನ ವಾಲ್ವ್ ಸ್ಪ್ರಿಂಗ್. ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಗುಂಡಿಗಳೇ ಫ್ರೆಟ್‌ಬೋರ್ಡ್ ಚುಕ್ಕಿ. ಆಮೇಲೆ ಅದೇ ಗಿಟಾರ್ ಕ್ವೀನ್ ತಂಡದಲ್ಲಿ ದಶಕಗಳ ಕಾಲ ನುಡಿಸಿದರು.

ಮಂಡಿಪೇಟೆ ಬೀಟ್ಸ್
ಫ್ರೆಟ್ ಎಲ್ಲಿ ಕೂರಿಸಬೇಕು ಅಂತ ಹೇಗೆ ಲೆಕ್ಕ ಹಾಕ್ತೀರಿ? ನನಗೂ ಒಂದು ಮಾಡೋ ಆಸೆ ಇದೆ.

ಮರಗೆಲಸ ಹೊಸದುರ್ಗ
ಸುಲಭ. ನಟ್‌ನಿಂದ (ನೆಕ್ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗಿನ ಉದ್ದವನ್ನು 17.817ರಿಂದ ಭಾಗಿಸಿ. ಬಂದದ್ದು ಮೊದಲ ಫ್ರೆಟ್‌ನ ದೂರ. 648 ಎಂಎಂ ಇದ್ದರೆ 36.37 ಎಂಎಂ. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿ, 34.33. ಹೀಗೇ ಹೋಗಿ. ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, ಅಂದರೆ 324ಕ್ಕೆ ಬಂದರೆ ನಿಮ್ಮ ಲೆಕ್ಕ ಸರಿ. ಗೆರೆ ಎಳೆಯಲು ಪೆನ್ಸಿಲ್ ಬೇಡ, ಚಾಕುವಿನ ಮೊನೆ ಬಳಸಿ. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಶ್ರುತಿ ತಪ್ಪುತ್ತೆ.

ಹರಿಹರ ಲೇತ್
ಬ್ರಿಡ್ಜ್ ಬೇಕಾದರೆ ಕೇಳಿ. ನಾನು ಮೂವತ್ತು ವರ್ಷ ಲೇತ್ ಮುಂದೆ ನಿಂತವನು. ನಮ್ಮೂರು ಲೇತ್ ಮಾಡಿದ ಊರು, ಮೈಸೂರು ಕಿರ್ಲೋಸ್ಕರ್ ಇದ್ದ ಊರು. ಈಗಲೂ ಸಣ್ಣ ಸಣ್ಣ ಶೆಡ್‌ಗಳಲ್ಲಿ ಒಳ್ಳೆ ಕೈಗಳಿವೆ. ಮಗಳ ಗಿಟಾರ್‌ಗೆ ಹಿತ್ತಾಳೆಯಲ್ಲಿ ಆರು ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಮಾಡಿಕೊಟ್ಟೆ. ಹೊರಗಿನಿಂದ ತರಿಸಿದ್ದಕ್ಕಿಂತ ಗಟ್ಟಿ.

ವೀಣೆಯವಳು
ಫ್ರೆಟ್‌ಬೋರ್ಡ್‌ಗೆ ಬೀಟೆ ಬಳಸುತ್ತೀರಾ? ಸಿಗುತ್ತಾ?

ಮರಗೆಲಸ ಹೊಸದುರ್ಗ
ಬೀಟೆ ಸಿಕ್ಕರೂ ಕಾಗದ ಇಲ್ಲದೆ ಕೊಳ್ಳಬೇಡಿ. ಅರಣ್ಯ ಇಲಾಖೆಯ ಪರ್ಮಿಟ್ ಇರುವ ಡಿಪೋದಿಂದಲೇ ತಗೊಳ್ಳಿ. ಹೊರದೇಶಕ್ಕೆ ಕಳಿಸುವುದಕ್ಕೂ 2017ರಿಂದ ನಿರ್ಬಂಧ ಬಂದಿತ್ತು, ತಯಾರಾದ ವಾದ್ಯಗಳಿಗೆ 2019ರಲ್ಲಿ ಸಡಿಲ ಮಾಡಿದರು. ನಾನು ಹಳೇ ಮಂಚದ ಕಾಲು ಹುಡುಕುತ್ತೇನೆ.

ವಿನೋಬನಗರ ಹುಡುಗ
ಬಿಚ್ಚಿದೆ! ಅಮ್ಮ ಪಕ್ಕದಲ್ಲೇ ಕೂತಿದ್ದರು. ಒಳಗೆ ನೋಡಿ ನನಗೆ ಮಾತೇ ಬರಲಿಲ್ಲ.

ಮೊದಲ ಪಿಕಪ್ 4.1 ಕಿಲೋ ಓಮ್. ಮೂರನೆಯದು 4.3. ನಡುವಿನದು ಬರೀ 0.95. ಆ ನಡುವಿನ ಪಿಕಪ್ ಬೇರೆ ತರ ಇದೆ. ಅದರ ಮೇಲೆ ಹಳದಿ ಬಟ್ಟೆಯಂಥ ಟೇಪ್ ಸುತ್ತಿದೆ, ಮೇಲೆ ದಾರ ಕಟ್ಟಿದೆ, ಗಂಟಿಗೆ ವಾರ್ನಿಷ್ ಹಚ್ಚಿದೆ. ಎರಡು ವೈರ್‌ಗೂ ಹಳದಿ ಕೊಳವೆ ತೊಡಿಸಿದೆ. ಬೆಸುಗೆ ದೊಡ್ಡ ದೊಡ್ಡ ಮುದ್ದೆ. ಬೇರೆ ಎರಡರ ಬೆಸುಗೆ ಸಣ್ಣದು. ಇದು ಕಾರ್ಖಾನೆಯ ಕೆಲಸ ಅಲ್ಲ ಅಲ್ವಾ?

ಕಾಯಿಲ್ ಚಳ್ಳಕೆರೆ
ಆ ಹಳದಿ ಬಟ್ಟೆ ಎಂಪೈರ್ ಕ್ಲಾತ್. ಕೊಳವೆ ಎಂಪೈರ್ ಸ್ಲೀವ್. ಎರಡೂ ಮೋಟರ್ ರಿವೈಂಡಿಂಗ್ ಸಾಮಾನು. ನಮ್ಮ ಅಂಗಡಿಯಲ್ಲಿ ಇವತ್ತೂ ಇದೆ. ನಿಮ್ಮ ಮಾವ ಆ ಪಿಕಪ್‌ನ ಕಾಯಿಲ್ ಸುಟ್ಟೋ ಕಿತ್ತೋ ಹೋದಾಗ ಮೋಟರ್ ರಿಪೇರಿಯವರ ಹತ್ತಿರ ಮತ್ತೆ ಸುತ್ತಿಸಿದ್ದಾರೆ. ದಾರ ಕಟ್ಟಿ ವಾರ್ನಿಷ್ ಹಚ್ಚೋದು ನಮ್ಮ ಕಸುಬಿನ ಪದ್ಧತಿ.

0.95 ಯಾಕೆ ಬಂತು ಅಂತಲೂ ಹೇಳ್ತೀನಿ, ನಾನೂ ಇದೇ ತಪ್ಪು ಮಾಡಿದ್ದೇನೆ. ಫೆಂಡರ್ ತರದ ಪಿಕಪ್‌ಗೆ 42 ಗೇಜ್ ತಂತಿ, ಸುಮಾರು 8,000 ಸುತ್ತು ಅಂತ ಎಲ್ಲಾ ಕಡೆ ಬರೆದಿರುತ್ತೆ. ಆ 42 ಅಮೆರಿಕದ ಗೇಜ್. ದಪ್ಪ 0.063 ಎಂಎಂ, ತಲೆಕೂದಲಿನಷ್ಟು. ನಮ್ಮ ಅಂಗಡಿಗಳಲ್ಲಿ ಮಾರೋದು ಬ್ರಿಟಿಷ್ ಗೇಜ್, ಎಸ್‌ಡಬ್ಲ್ಯುಜಿ. ಅದರಲ್ಲಿ 42 ಅಂದರೆ 0.1 ಎಂಎಂ! ಮೂರು ಸಾವಿರ ಸುತ್ತಿಗೇ ಬಾಬಿನ್ (ತಂತಿ ಸುತ್ತುವ ಉರುಳೆ) ತುಂಬಿಹೋಗುತ್ತೆ. ಅಳೆದರೆ ಸರಿಯಾಗಿ ಒಂದು ಕಿಲೋ ಓಮ್ ಹತ್ತಿರ. ನಿಮ್ಮದು 0.95. ನಮಗೆ ಬೇಕಾದ್ದು ಎಸ್‌ಡಬ್ಲ್ಯುಜಿ 46. ಪಿಕಪ್ ಸುತ್ತುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಬೇಕಾದರೆ ತನ್ನಿ, ಸರಿಯಾದ ತಂತಿಯಲ್ಲಿ ಸುತ್ತಿಕೊಡ್ತೀನಿ. ದುಡ್ಡು ಬೇಡ.

ಆರು ತಂತಿ
ಸುತ್ತಿಸಿ. ಮೂರೂ ಪಿಕಪ್ ಒಂದೇ ಸಮ ಬರುತ್ತೆ. ಆ ಕೆಲಸ ಒರಿಜಿನಲ್ ಅಲ್ಲವಲ್ಲ, ತೆಗೆದರೆ ಏನೂ ನಷ್ಟ ಇಲ್ಲ.

ಕೋಟೆ ಗಾಳಿ
ಬೇಡ. ಒಪ್ಪಲ್ಲ. ಕಾರ್ಖಾನೆಯಿಂದ ಬಂದದ್ದು ಮಾತ್ರ ಒರಿಜಿನಲ್ಲಾ? ಆ ಹಳದಿ ಬಟ್ಟೆ ಕಟ್ಟಿಸಿಕೊಂಡು ಬಂದದ್ದು ಸೈಕಲ್ ಮಾರಿ ಗಿಟಾರ್ ಕೊಂಡ ಮನುಷ್ಯ. ಈ ಗಿಟಾರ್ ಕೂಡಿಡುವುದಕ್ಕೆ ಇರುವ ಕಾರಣವೇ ಅದು. ಸ್ವೆರ್ಡ್‌ಲೋವ್ಸ್ಕ್‌ನ ಪಿಕಪ್ ಬೇರೆ ಸಿಗುತ್ತೆ, ದಾವಣಗೆರೆಯಲ್ಲಿ ಸುತ್ತಿದ ಪಿಕಪ್ ಸಿಗಲ್ಲ.

ಆರು ತಂತಿ
ಭಾವನೆ ಅರ್ಥ ಆಗುತ್ತೆ. ಆದರೆ ಗಿಟಾರ್ ಇರೋದು ನುಡಿಸೋಕೆ. ಸದ್ದು ಕಡಿಮೆ ಬಂದರೆ ಯಾರು ನುಡಿಸ್ತಾರೆ?

ಕೋಟೆ ಗಾಳಿ
ಮೊದಲು ಕೇಳಲಿ, ಆಮೇಲೆ ತೀರ್ಮಾನ ಮಾಡಲಿ. ಅವರು ಇನ್ನೂ ಒಂದು ಸಲವೂ ನುಡಿಸಿಲ್ಲ.

ಕಾಯಿಲ್ ಚಳ್ಳಕೆರೆ
ಕೋಟೆಯವರು ಹೇಳಿದ್ದು ಸರಿ. ನಾನು ಅವಸರ ಮಾಡಿದೆ. ಸುತ್ತು ಕಡಿಮೆ ಇದ್ದರೆ ಸದ್ದು ಸಣ್ಣದು, ಆದರೆ ತಿಳಿಯಾಗಿರುತ್ತೆ. ಕೆಟ್ಟದ್ದು ಅಂತ ಅಲ್ಲ. ಒಂದು ವೇಳೆ ತೆಗೆಯಬೇಕು ಅನ್ನಿಸಿದರೂ ಬಿಚ್ಚಬೇಡಿ, ಹಾಗೇ ಹೊರತೆಗೆದು ಡಬ್ಬಿಯಲ್ಲಿಡಿ. ಬೇರೆ ಬಾಬಿನ್ ಮೇಲೆ ಹೊಸದು ಸುತ್ತೋಣ.

ವೋಲ್ಗಾ ನೆನಪು
ಡಿನ್ ಪ್ಲಗ್ ಸಿಗದಿದ್ದರೆ ನನ್ನ ಹತ್ತಿರ ಅಲ್ಲಿಂದ ತಂದ ಎರಡು ವೈರ್ ಇವೆ. ಒಂದನ್ನು ನಿಮಗೇ ಕೊಡುತ್ತೇನೆ. ವಾಪಸ್ ಬೇಡ.

ವಿನೋಬನಗರ ಹುಡುಗ
ಐದು ದಿನ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ವೋಲ್ಗಾ ಸರ್ ವೈರ್ ಕೊಟ್ಟರು. ಇನ್ನೊಂದು ತುದಿಗೆ ಜಾಕ್ ನಾನೇ ಬೆಸೆದೆ. ನಡುವಿನ ಪಿನ್ ಅರ್ಥ್, ಕಾಯಿಲ್ ಅಣ್ಣ ಹೇಳಿದ ಹಾಗೇ. 9ರ ತೆಳು ತಂತಿ ಸೆಟ್ ಹಾಕಿದೆ. ನೆಕ್ ಬಾಗಿದೆಯಾ ಅಂತ ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ನೋಡಿದೆ, ಏಳನೇ ಫ್ರೆಟ್ ಹತ್ತಿರ ಕಾಗದದ ಕಾರ್ಡ್ ತೂರುವಷ್ಟು ಜಾಗ. ಪರವಾಗಿಲ್ಲ ಅನ್ನಿಸಿತು.

ಗೆಳೆಯನ ಸಣ್ಣ ಆಂಪ್‌ಗೆ ಹಾಕಿದೆ. ಮೊದಲು ಬರೀ "ಗುಂಯ್" ಅಂತ ಸದ್ದು. ಟ್ಯೂಬ್‌ಲೈಟ್ ಆರಿಸಿದೆ, ಕಡಿಮೆಯಾಯಿತು. ಬ್ರಿಡ್ಜ್ ಹತ್ತಿರದ ಪಿಕಪ್ ಗಟ್ಟಿ, ಸ್ವಲ್ಪ ಚುಚ್ಚುತ್ತೆ. ಆಮೇಲೆ ನಡುವಿನದ್ದು ಒಂದೇ ಹಾಕಿದೆ. ಸದ್ದು ಅರ್ಧಕ್ಕೆ ಇಳಿಯಿತು. ಆಂಪ್ ಏರಿಸಿದೆ. ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಇದೆ. ನನಗೆ ಅದೇ ಹಿಡಿಸಿತು. ಅದನ್ನು ತೆಗೆಯಲ್ಲ.

ಅಮ್ಮ ಅಡುಗೆ ಮನೆಯಲ್ಲಿದ್ದರು. ಒಲೆ ಆರಿಸಿ ಬಂದು ನಿಂತರು. ಸ್ವಲ್ಪ ಹೊತ್ತು ಕೇಳಿ, "ಶ್ರುತಿ ಮೇಲಾಯ್ತು. ಅವನು ಹಾರ್ಮೋನಿಯಂ ಕಪ್ಪು ಒಂದಕ್ಕೆ ಕೂರಿಸ್ಕೊತಿದ್ದ" ಅಂದರು. ಇದಕ್ಕೆ ಏನು ಮಾಡಬೇಕು? ನಾನು ಮೊಬೈಲ್ ಟ್ಯೂನರ್ ನೋಡಿ ಮಾಮೂಲಿ ಶ್ರುತಿಗೆ ಇಟ್ಟಿದ್ದೇನೆ.

ಆರ್ಕೆಸ್ಟ್ರಾ ಹಳಬ
ನಿಮ್ಮ ಅಮ್ಮನ ಕಿವಿ ದೊಡ್ಡದು. ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ. ಆಮೇಲೆ ಡಿ ಕಾರ್ಡ್ ಆಕಾರ ಹಿಡಿದರೆ ಕಪ್ಪು ಒಂದೇ ಬರುತ್ತೆ. ನಮ್ಮಲ್ಲಿ ಗಾಯಕರಿಗಾಗಿ ತುಂಬಾ ಜನ ಹಾಗೇ ಇಡುತ್ತಿದ್ದೆವು. ಹಳೇ ನೆಕ್‌ಗೂ ಬಿಗಿ ಕಡಿಮೆ, ಒಳ್ಳೆಯದು.

ವಿನೋಬನಗರ ಹುಡುಗ
ಇಳಿಸಿದೆ ಸರ್. ಅಮ್ಮ ಕುರ್ಚಿ ತಂದು ಹಾಕಿಕೊಂಡಿದ್ದಾರೆ.

ಮಂಡಿಪೇಟೆ ಬೀಟ್ಸ್
ಒಂದು ಸಲ ಬಂದು ನೋಡಬಹುದಾ? ನಾನು ಹತ್ತು ನಿಮಿಷದ ದೂರದಲ್ಲಿದ್ದೇನೆ. ಆಂಪ್ ನಾನು ತರ್ತೀನಿ, ನನ್ನದು ದೊಡ್ಡದು.